ಕತ್ತರಿಸಿದ ಚಾಸಿ, ಬದಲಾಗದ ಆರ್.ಸಿ.: ಮಾರ್ಪಟ್ಟ ಬೈಕಿನ ಮರು ಮಾರ್ಪಾಡು

ಶಿವಮೊಗ್ಗ: 2009-10ರ ಸುಮಾರಿಗೆ ರಾಯಲ್ ಎನ್‌ಫೀಲ್ಡ್ ಸಂಸ್ಥೆ ತನ್ನ ‘ಕ್ಲಾಸಿಕ್’ ಮಾದರಿಯನ್ನು ಭಾರತದ ಮಾರುಕಟ್ಟೆಗೆ ಬಿಟ್ಟ ಬಳಿಕ, ಬುಲೆಟ್ ಎಂದರೆ ಪೊಲೀಸರ, ಮಿಲಿಟರಿಯವರ, ಊರ ಗೌಡರ ವಾಹನ ಎಂಬ ಹಳೆಯ ಗುರುತು ಕಳಚಿ ಅದು ಯುವಜನರ ಆಸೆಯ ವಸ್ತುವಾಯಿತು. ಆ ಮೊದಲ ಅಲೆಯಲ್ಲಿ ರಸ್ತೆಗಿಳಿದ ಬೈಕ್‌ಗಳಿಗೆ ಈಗ 15 ವರ್ಷ ತುಂಬಿದೆ, ಇಲ್ಲವೇ ತುಂಬುತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ದ್ವಿಚಕ್ರ ವಾಹನದ ನೋಂದಣಿಯ ಆಯುಷ್ಯವೂ 15 ವರ್ಷವೇ. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣಕ್ಕೆ ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರ್ ಎದುರು ತಂದು ನಿಲ್ಲಿಸಬೇಕು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ, ಬಿದ್ದರೂ ದಂಡ ಕಟ್ಟಿ ಪಾರಾಗಿ ಬಂದ ಎಲ್ಲ ಮಾರ್ಪಾಡುಗಳೂ ಅಂದು ಒಮ್ಮೆಲೇ ಲೆಕ್ಕಕ್ಕೆ ಬರುತ್ತವೆ.

ಈ ಹದಿನೈದು ವರ್ಷಗಳಲ್ಲಿ ಇಂಥ ಬೈಕ್‌ಗಳ ಪೈಕಿ ಗಣನೀಯ ಪಾಲು ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿ ಉಳಿದಿಲ್ಲ. ಒಬ್ಬ ಮಾಲೀಕ ಮುಂಭಾಗದ ಫೋರ್ಕ್ ಉದ್ದ ಮಾಡಿಸಿ ‘ಚಾಪರ್’ ಮಾಡಿಸಿದ. ಇನ್ನೊಬ್ಬ ಮಡ್‌ಗಾರ್ಡ್ ಕತ್ತರಿಸಿ, ಹಿಂದಿನ ಸೀಟು ಕಿತ್ತು ‘ಬಾಬರ್’ ಮಾಡಿಸಿದ. ಹುರುಪು ಇಳಿದ ಮೇಲೆ ಮಾರಿದ. ಬೆಂಗಳೂರಿನಲ್ಲಿ ಹೆಚ್ಚು ಹಣ ಸುರಿದು ತಯಾರಾದ ಇಂಥ ಬೈಕ್, ಅದಕ್ಕೆ ತಗುಲಿದ ಖರ್ಚಿನ ಒಂದು ಅಂಶಕ್ಕೆ ಶಿವಮೊಗ್ಗಕ್ಕೋ ಭದ್ರಾವತಿಗೋ ಬಂದು ಸೇರುತ್ತದೆ. ಕೊಂಡವನಿಗೆ ಆ ರೂಪ ಬೇಡ. ಅವನಿಗೆ ‘ಕೆಫೆ ರೇಸರ್’ ಬೇಕು, ಅಥವಾ ಮಲೆನಾಡಿನ ಕಚ್ಚಾ ರಸ್ತೆಗೆ ಒಗ್ಗುವ ‘ಸ್ಕ್ರಾಂಬ್ಲರ್’ ಬೇಕು. ಹೀಗೆ ಒಮ್ಮೆ ಕತ್ತರಿಸಿ ಬೆಸೆದ ಬೈಕ್ ಮತ್ತೊಮ್ಮೆ ಕತ್ತರಿಯ ಕೆಳಗೆ ಬರುತ್ತದೆ.

ಈ ಎರಡನೆಯ ಕತ್ತರಿಯ ವಿಚಾರ ಕೇವಲ ಹುಡುಗರ ಖಯಾಲಿ ಎಂದು ತಳ್ಳಿಹಾಕುವವರು ಇದ್ದಾರೆ. ಆದರೆ ಇದರಲ್ಲಿ ಒಂದು ಜೀವದ ಸುರಕ್ಷತೆ ಇದೆ, ಕೊಂಡವನ ಹಣವಿದೆ, ಗ್ಯಾರೇಜ್ ನಡೆಸುವವನ ಅನ್ನವಿದೆ. ಮೂರೂ ಒಂದೇ ವೆಲ್ಡಿಂಗ್ ಗೆರೆಯ ಮೇಲೆ ನಿಂತಿರುವುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಶೈಲಿಗಳ ಮೂಲ

ಈ ಹೆಸರುಗಳೆಲ್ಲ ಹೊರಗಿನಿಂದ ಬಂದವು. ಬಾಬರ್ ಎಂಬುದು 1940ರ ದಶಕದ ಅಮೆರಿಕದ ಕೂಸು. ತೂಕ ಇಳಿಸಲೆಂದು ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಹಿಂದಿನದನ್ನು ಮೊಟಕು ಮಾಡಿದ್ದೇ ಆ ಶೈಲಿಯ ಆರಂಭ. ಚಾಪರ್ ಅದರ ಮುಂದಿನ ತಲೆಮಾರು. ಇಲ್ಲಿ ಚಾಸಿಯನ್ನೇ ಕತ್ತರಿಸಿ ಹ್ಯಾಂಡಲ್ ಕೂರುವ ಕೊಳವೆಯನ್ನು ಹಿಂದಕ್ಕೆ ವಾಲಿಸಿ, ಮುಂಚಕ್ರವನ್ನು ದೂರಕ್ಕೆ ಚಾಚುತ್ತಾರೆ. 1969ರ ‘ಈಜಿ ರೈಡರ್’ ಚಲನಚಿತ್ರ ಅದನ್ನು ಜಗತ್ತಿನೆಲ್ಲೆಡೆ ಪ್ರಚುರಪಡಿಸಿತು. ಕೆಫೆ ರೇಸರ್ ಇಂಗ್ಲೆಂಡಿನದು. 1950-60ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಚಹಾ ತಾಣಗಳಲ್ಲಿ ಸೇರುತ್ತಿದ್ದ ಹುಡುಗರು ಗಂಟೆಗೆ 100 ಮೈಲು ಮುಟ್ಟಬೇಕೆಂಬ ಹಟದಿಂದ ಹ್ಯಾಂಡಲ್ ತಗ್ಗಿಸಿ, ಕಾಲಿಡುವ ಜಾಗ ಹಿಂದಕ್ಕೆ ಸರಿಸಿ, ಬೇಡದ ಭಾಗಗಳನ್ನು ಕಳಚಿ ಮಾಡಿಕೊಂಡದ್ದು ಅದು. ಸ್ಕ್ರಾಂಬ್ಲರ್ ಎಂದರೆ ಎತ್ತರದ ಸೈಲೆನ್ಸರ್, ಗುಬ್ಬಿಗಳಿರುವ ಟೈರ್, ಅಗಲವಾದ ಹ್ಯಾಂಡಲ್, ಮಣ್ಣುದಾರಿಯ ಬೈಕ್.

ಚಾಪರ್ ಹುಟ್ಟಿದ್ದು ನೂರಾರು ಮೈಲಿ ತಿರುವೇ ಇಲ್ಲದ ಹೆದ್ದಾರಿಗಳಲ್ಲಿ. ಅದನ್ನು ತಂದು ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಇಳಿಸಿದರೆ ಏನಾಗುತ್ತದೆಂದು ಊಹಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಘಾಟಿಯವರೆಗೆ ಹೋಗುವುದೂ ಬೇಡ, ಗಾಂಧಿ ಬಜಾರಿನ ಸಂದಣಿಯಲ್ಲಿ ಒಮ್ಮೆ ತಿರುಗಿಸಿ ನೋಡಿದರೆ ಸಾಕು. ಶಿವಮೊಗ್ಗದವರು ಕೊಂಡ ಚಾಪರನ್ನು ಬೇರೆ ರೂಪಕ್ಕೆ ತಿರುಗಿಸಲು ಮುಂದಾಗುವುದು ಶೋಕಿಯಿಂದ ಮಾತ್ರವಲ್ಲ ಎಂಬುದನ್ನು ಒಪ್ಪಬೇಕು.

ಓರೆಯ ಲೆಕ್ಕ

ಬೈಕಿನ ಹ್ಯಾಂಡಲ್ ಕೂರುವ ಕೊಳವೆ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಈ ವಾಲಿಕೆಯ ಕೋನವೇ ‘ರೇಕ್’. ಆ ಕೊಳವೆಯ ನಡುಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಬಿಂದುವಿಗಿಂತ ಸ್ವಲ್ಪ ಮುಂದೆ ನೆಲವನ್ನು ತಾಗುತ್ತದೆ. ಆ ಎರಡರ ನಡುವಿನ ಅಂತರ ‘ಟ್ರೇಲ್’. ಬೈಕ್ ತಾನಾಗಿ ನೇರ ಓಡುವುದಕ್ಕೂ, ಹ್ಯಾಂಡಲ್ ಹಗುರವಾಗಿ ತಿರುಗುವುದಕ್ಕೂ ಈ ಕೆಲವೇ ಮಿಲಿಮೀಟರುಗಳು ಕಾರಣ. ಒಂದು ಉದಾಹರಣೆ ನೋಡೋಣ. ಚಕ್ರದ ತ್ರಿಜ್ಯ 330 ಮಿ.ಮೀ., ಫೋರ್ಕ್ ಆ ನಡುಗೆರೆಯಿಂದ ಮುಂದಕ್ಕೆ ಚಾಚಿರುವ ದೂರ 60 ಮಿ.ಮೀ. ಎಂದಿಟ್ಟುಕೊಂಡರೆ, ರೇಕ್ 27 ಡಿಗ್ರಿ ಇರುವಾಗ ಟ್ರೇಲ್ ಸುಮಾರು 100 ಮಿ.ಮೀ. ಬರುತ್ತದೆ. ಬೇರೇನನ್ನೂ ಬದಲಿಸದೆ ರೇಕ್ ಮಾತ್ರ 37 ಡಿಗ್ರಿಗೆ ಏರಿಸಿದರೆ ಟ್ರೇಲ್ 170 ಮಿ.ಮೀ. ದಾಟುತ್ತದೆ. ಅಂಥ ಬೈಕ್ ಹೆದ್ದಾರಿಯಲ್ಲಿ ಹಳಿ ಮೇಲಿನ ರೈಲಿನಂತೆ ನೇರ ಓಡೀತು. ನಿಧಾನಗತಿಯಲ್ಲಿ ಮಾತ್ರ ಹ್ಯಾಂಡಲ್ ಒಂದು ಕಡೆಗೆ ಧೊಪ್ಪನೆ ಬೀಳುತ್ತದೆ.

ಈಗ ಅದೇ ಚಾಪರನ್ನು ಕೆಫೆ ರೇಸರ್ ಮಾಡಬೇಕು. ಹ್ಯಾಂಡಲ್ ತಗ್ಗಿಸಿ, ಸೀಟು ಬದಲಿಸಿ, ಬಣ್ಣ ಬಳಿದರೆ ನೋಟಕ್ಕೆ ಕೆಫೆ ರೇಸರ್ ಆಗುತ್ತದೆ, ಆದರೆ ಓರೆ ಹಾಗೆಯೇ ಉಳಿದಿರುತ್ತದೆ. ಸವಾರ ಮುಂದಕ್ಕೆ ಬಾಗಿ ತನ್ನ ಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಹಾಕಿ, ತಿರುಗಲು ಒಪ್ಪದ ಬೈಕನ್ನು ತಿರುಗಿಸಲು ಹೆಣಗಾಡುತ್ತಾನೆ. ಆದ್ದರಿಂದ ಪ್ರಾಮಾಣಿಕವಾಗಿ ಕೆಲಸ ಮಾಡುವುದಾದರೆ ತಲೆಯ ಕೊಳವೆಯನ್ನು ಮೂಲದ ಕೋನಕ್ಕೆ ತರಬೇಕು. ತೊಡಕು ಇರುವುದೇ ಇಲ್ಲಿ.

ಮೊದಲ ಮಾಲೀಕ ಎರಡು ಬಗೆಯಲ್ಲಿ ಚಾಪರ್ ಮಾಡಿಸಿರಬಹುದು. ಚಾಸಿಯನ್ನು ಮುಟ್ಟದೆ ಉದ್ದನೆಯ ಫೋರ್ಕ್ ಕೊಳವೆ ಮತ್ತು ಬೇರೆ ಹಿಡಿಕೆಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದರೆ ಕಳಚಿ ಮೂಲದ ಭಾಗ ಹಾಕುವುದು ಎರಡು ದಿನದ ಕೆಲಸ. ಕತ್ತು ಕತ್ತರಿಸಿ, ನಡುವೆ ತುಂಡು ಸೇರಿಸಿ ಬೆಸೆದಿದ್ದರೆ ಕಥೆ ಬೇರೆ. ಒಮ್ಮೆ ಬೆಸೆದ ಜಾಗದ ಸುತ್ತ ಲೋಹದ ಗುಣ ಬದಲಾಗಿರುತ್ತದೆ. ಶಾಖ ತಾಗಿದ ಆ ಪಟ್ಟಿಯಲ್ಲೇ ಬಿರುಕು ಮೊದಲು ಹುಟ್ಟುವುದು. ಅದೇ ಜಾಗವನ್ನು ಮತ್ತೆ ಕೊಯ್ದು ಮತ್ತೆ ಕಾಯಿಸಿದರೆ ತೆಳು ಕೊಳವೆ ಇನ್ನಷ್ಟು ಸೊರಗುತ್ತದೆ. ಗೇಟು ಗ್ರಿಲ್ ಬೆಸೆಯುವ ಸಾಧಾರಣ ಆರ್ಕ್ ವೆಲ್ಡಿಂಗ್‌ನಲ್ಲಿ ಕಿಟ್ಟ ಒಳಗೆ ಉಳಿದುಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ. ಮೇಲೆ ಗ್ರೈಂಡರ್ ಓಡಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಕನ್ನಡಿಯಂತೆ ಹೊಳೆಯುತ್ತದೆ. ಗ್ರೈಂಡರ್ ಓಡಿಸಿದಷ್ಟೂ ಬೆಸುಗೆ ತೆಳುವಾಗುತ್ತದೆ ಎಂಬುದು ನೋಡುವವನಿಗೆ ಹೊಳೆಯುವುದಿಲ್ಲ.

ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಪುಟ್ಟಿ ದಪ್ಪನಾಗಿ ಕೂತ ಕಡೆ ಅದು ಅಂಟುವುದಿಲ್ಲ. ಕತ್ತಿನ ಬಳಿ, ಟ್ಯಾಂಕಿನ ಕೆಳಗೆ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಕಿವಿಗಳ ಬಳಿ ಹೀಗೆ ಒತ್ತಿ ನೋಡಿದರೆ ಬಣ್ಣದ ಕೆಳಗಿನ ಚರಿತ್ರೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಬಣ್ಣವನ್ನೇ ಕೆರೆಯಬೇಕು. ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿಯ ಪುಡಿ ಸಿಂಪಡಿಸಿ ನೋಡುವ ಡೈ ಪೆನೆಟ್ರೆಂಟ್ ಪರೀಕ್ಷೆ ಕಾರ್ಖಾನೆಗಳಲ್ಲಿ ದಿನನಿತ್ಯದ ಮಾತು. ಅದು ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ಆದರೂ ಗ್ಯಾರೇಜಿನಲ್ಲಿ ಅದನ್ನು ಮಾಡಿಸಿಕೊಳ್ಳುವವರು ಕಡಿಮೆ. ಟ್ಯಾಂಕಿನ ಬಣ್ಣಕ್ಕೆ ಕೊಡುವ ಹಣದಲ್ಲಿ ಅಲ್ಪ ಪಾಲನ್ನೂ ಚಾಸಿಯ ಪರೀಕ್ಷೆಗೆ ಕೊಡಲು ಮನಸ್ಸು ಬರುವುದಿಲ್ಲ.

ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನೇ ತೆಗೆದುಹಾಕಿ ಹಿಂಬದಿಯನ್ನು ಗಟ್ಟಿಯಾಗಿ ಬೆಸೆದ ಚಾಸಿಗಳೂ ಉಂಟು. ಅಂಥದ್ದನ್ನು ಕೊಂಡು ಬೇರೆ ಶೈಲಿಗೆ ತಿರುಗಿಸುತ್ತೇನೆ ಎನ್ನುವವರಿಗೆ ಈ ಲೇಖಕನ ಸಲಹೆ ಒಂದೇ: ಕೊಳ್ಳಬೇಡಿ. ಹೊಸ ಚಾಸಿ ತಂದು ಹಳೆಯ ನಂಬರನ್ನು ಅದರ ಮೇಲೆ ಹೊಡೆಸಿಕೊಂಡರಾಯಿತು ಎಂಬ ಪುಕ್ಕಟೆ ಉಪಾಯ ಹೇಳುವವರೂ ಸಿಗುತ್ತಾರೆ. ಚಾಸಿ ನಂಬರು ವಾಹನದ ಹುಟ್ಟುಗುರುತು. ಅದನ್ನು ತಿದ್ದುವುದು, ಕತ್ತರಿಸಿ ಬೇರೆಡೆ ಅಂಟಿಸುವುದು ಮಾರ್ಪಾಡಲ್ಲ, ಅಪರಾಧ. ಕಳ್ಳಮಾಲಿನ ಗುರುತೂ ಅದೇ ಆಗಿರುವುದರಿಂದ ಪೊಲೀಸರು ಅಲ್ಲಿ ಶೈಲಿಯ ವಿವರಣೆ ಕೇಳುತ್ತಾ ಕೂರುವುದಿಲ್ಲ.

ಉಳಿದ ಕೆಲಸಗಳನ್ನು ಬೇಗ ಹೇಳಿ ಮುಗಿಸಬಹುದು. ಚಾಪರ್‌ನಲ್ಲಿ ಮುಂದಕ್ಕೆ ಚಾಚಿದ ಗೇರು ಮತ್ತು ಬ್ರೇಕಿನ ಪೆಡಲುಗಳನ್ನು ಹಿಂದಕ್ಕೆ ತರುವಾಗ ಬ್ರೇಕಿನ ಕಡ್ಡಿಯ ಉದ್ದ, ಅದು ಎಳೆಯುವ ಕೋನ ಎರಡೂ ಸರಿಹೊಂದಬೇಕು. ಹಳೆಯ ಬುಲೆಟ್‌ಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವುದರಿಂದ ಹೊರಗಿನಿಂದ ತಂದ ಸಿದ್ಧ ಸಾಮಗ್ರಿ ನೇರವಾಗಿ ಹೊಂದುವುದಿಲ್ಲ. ವೈರಿಂಗ್ ಅಂತೂ ಮೊದಲು ಮಾಡಿದವನ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ಚಾಸಿ ಕೊಳವೆಯೊಳಗೆ ತೂರಿಸಿ ಮುಚ್ಚಿಟ್ಟ ತಂತಿಗಳನ್ನು ಪೂರ್ತಿ ಎಳೆದುಹಾಕಿ ಹೊಸದು ಹಾಕುವುದೇ ಮಲೆನಾಡಿನ ಮಳೆಗಾಲಕ್ಕೆ ಕ್ಷೇಮ. ಇನ್ನು ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವ ಮಾತು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಒಳಗೆ ಉಳಿದ ಆವಿ ಕಿಡಿಗೆ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ನೀರು ತುಂಬಿ, ಬೆಸೆಯುವ ಜಾಗವನ್ನಷ್ಟೇ ಖಾಲಿ ಬಿಟ್ಟು ಕೆಲಸ ಮಾಡುವ ಹಳೆಯ ಕ್ರಮವನ್ನು ಅನುಭವಿ ಕೆಲಸಗಾರರು ಮೀರುವುದಿಲ್ಲ.

ಕಾಯ್ದೆ ಏನನ್ನು ನೋಡುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡಿಗೆ ಸಂಬಂಧಿಸಿದ್ದು. 2000ದಲ್ಲಿ ತಿದ್ದುಪಡಿಯಾದ ಬಳಿಕ ಅದರ ಧಾಟಿ ಬಿಗಿಯಾಯಿತು: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ಈ ಕಲಮನ್ನು ಅರ್ಥೈಸಿ, ರಾಜ್ಯದ ನಿಯಮಗಳು ಏನೇ ಹೇಳಲಿ, ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಬಣ್ಣ ಬದಲಿಸಿ ಆರ್.ಸಿ.ಯಲ್ಲಿ ನಮೂದಿಸಿಕೊಳ್ಳುವುದಕ್ಕೆ, ಪೂರ್ವಾನುಮತಿ ಪಡೆದು ಅದೇ ಬಗೆಯ ಎಂಜಿನ್ ಕೂರಿಸುವುದಕ್ಕೆ ಅಡ್ಡಿ ಇಲ್ಲ. ಚಾಸಿಗೆ ಕೈ ಹಾಕುವುದಕ್ಕೆ ಇದೆ.

ಅದೇ ವರ್ಷ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಕಾಯ್ದೆ ದಂಡವನ್ನೂ ನಿಗದಿ ಮಾಡಿತು. 182ಎ ಕಲಮಿನನ್ವಯ ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ‘ಒಂದೊಂದು ಮಾರ್ಪಾಡಿಗೆ’ ಎಂಬ ಮಾತಿನ ಭಾರವನ್ನು ಗಮನಿಸಬೇಕು. ಫೋರ್ಕು, ಚಾಸಿ, ಸೀಟು, ಸೈಲೆನ್ಸರ್, ಮಡ್‌ಗಾರ್ಡ್ ಎಂದು ಎಣಿಸುತ್ತಾ ಹೋದರೆ ಐದಕ್ಕೆ 25,000 ರೂ. ವಾಹನ ಬಳಕೆಗೆ ಅಪಾಯಕಾರಿ ಎನಿಸಿದರೆ ನೋಂದಣಿಯನ್ನೇ ಅಮಾನತಿನಲ್ಲಿಡಲು 53ನೇ ಕಲಮಿನಲ್ಲಿ ಅಧಿಕಾರವಿದೆ.

ಇಲ್ಲೊಂದು ಸೂಕ್ಷ್ಮವಿದೆ. ನೋಂದಣಿ ಪತ್ರದಲ್ಲಿ ಚಾಸಿ ಮತ್ತು ಎಂಜಿನ್ ನಂಬರುಗಳ ಜೊತೆಗೆ ಎರಡು ಚಕ್ರಗಳ ನಡುವಿನ ಅಂತರ, ಆಸನಗಳ ಸಂಖ್ಯೆ, ಖಾಲಿ ವಾಹನದ ತೂಕ, ಬಣ್ಣ ಇವೆಲ್ಲವೂ ಬರೆದಿರುತ್ತವೆ. ಫೋರ್ಕ್ ಚಾಚಿದ ಕ್ಷಣ ಚಕ್ರಗಳ ಅಂತರ ಸುಳ್ಳಾಗುತ್ತದೆ. ಒಂಟಿ ಸೀಟು ಹಾಕಿದ ಕ್ಷಣ ಆಸನ ಸಂಖ್ಯೆ ಸುಳ್ಳಾಗುತ್ತದೆ. ಅಂದರೆ ಬಾಬರ್ ಆಗಲಿ, ಒಂಟಿ ಸೀಟಿನ ಕೆಫೆ ರೇಸರ್ ಆಗಲಿ, ಬೆಸುಗೆಯ ಒಂದು ಚುಕ್ಕೆಯೂ ಇಲ್ಲದೆ ಕಾಯ್ದೆಯ ಕಣ್ಣಿಗೆ ಬೀಳುತ್ತವೆ. ಹಿಂಬದಿ ಸವಾರನಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಮ್ಮಲ್ಲಿ ‘ಸೀರೆ ಗಾರ್ಡ್’ ಎಂದು ಕರೆಯುವ ಆ ಜಾಲರಿಯನ್ನೇ ಶೈಲಿಯ ಹೆಸರಿನಲ್ಲಿ ಮೊದಲು ಕಿತ್ತೆಸೆಯುವುದು. ಅದನ್ನು ಕಿತ್ತವನ ಬೈಕಿನಲ್ಲಿ ಹಿಂದೆ ಕೂರುವವರು ತಾಯಿಯೋ ತಂಗಿಯೋ ಆಗಿರುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಪೊಲೀಸರ ದೃಷ್ಟಿ ಮಾತ್ರ ಹೆಚ್ಚಾಗಿ ಸೈಲೆನ್ಸರ್ ಮೇಲೆ ನೆಟ್ಟಿದೆ. ರಾಜ್ಯದ ಹಲವು ನಗರಗಳಲ್ಲಿ ವಶಪಡಿಸಿಕೊಂಡ ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದು ತಪ್ಪಲ್ಲ. 175 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾದ ಶಬ್ದದ ಮಿತಿ 80 ಡೆಸಿಬೆಲ್. ಆಸ್ಪತ್ರೆಯ ಎದುರು ಮಧ್ಯರಾತ್ರಿ ಗುಡುಗುವ ಬುಲೆಟ್ ಅದನ್ನು ಎಲ್ಲೋ ಹಿಂದೆ ಬಿಟ್ಟಿರುತ್ತದೆ. ಆದರೆ ಸದ್ದು ಮಾಡುವ ಸೈಲೆನ್ಸರ್ ನೆರೆಯವರ ನಿದ್ದೆ ಕೆಡಿಸುತ್ತದೆ. ಸದ್ದಿಲ್ಲದ ಬಿರುಕು ಸವಾರನ ಪ್ರಾಣವನ್ನೇ ತೆಗೆಯಬಲ್ಲದು. ರೋಡ್ ರೋಲರಿನ ಮುಂದೆ ಫೋಟೊಕ್ಕೆ ನಿಲ್ಲುವ ವ್ಯವಸ್ಥೆಗೆ ಕತ್ತಿನ ಬೆಸುಗೆಯನ್ನು ಬಗ್ಗಿ ನೋಡುವ ವ್ಯವಧಾನ ಕಡಿಮೆ.

ವಿಮೆಯ ವಿಚಾರವೂ ಹೀಗೆಯೇ ಮೌನವಾದದ್ದು. ಘೋಷಿಸದ ಮಾರ್ಪಾಡಿನ ಬೈಕ್ ಅಪಘಾತಕ್ಕೀಡಾದರೆ ಸ್ವಂತ ಹಾನಿಯ ಪರಿಹಾರಕ್ಕೆ ಕಂಪನಿ ತಕರಾರು ತೆಗೆಯಲು ದಾರಿ ತೆರೆದಿರುತ್ತದೆ. ಮೊದಲ ಮಾಲೀಕ ಮಾಡಿಸಿದ್ದು, ನಾನಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದು ಕಷ್ಟ. ಬೈಕ್ ಜೊತೆಗೆ ಅದರ ಪಾಪವೂ ವರ್ಗಾವಣೆಯಾಗಿರುತ್ತದೆ.

ಕಾಯ್ದೆಯ ಈ ಬಿಗಿತಕ್ಕೆ ಇನ್ನೊಂದು ಮುಖವಿದೆ. ರಸ್ತೆಬದಿಯ ಗ್ಯಾರೇಜಿನವನು ಮಾಡಿದರೆ ಅಪರಾಧವಾಗುವ ರೂಪವನ್ನೇ ಕಂಪನಿಗಳು ಶೋರೂಮಿನಲ್ಲಿಟ್ಟು ಮಾರುತ್ತಿವೆ. ರಾಯಲ್ ಎನ್‌ಫೀಲ್ಡ್ 2013ರಲ್ಲಿ ಕೆಫೆ ರೇಸರ್ ಶೈಲಿಯ ‘ಕಾಂಟಿನೆಂಟಲ್ ಜಿಟಿ’ ತಂದಿತು. 2024ರಲ್ಲಿ ‘ಗೋವನ್ ಕ್ಲಾಸಿಕ್’ ಹೆಸರಿನಲ್ಲಿ ಬಾಬರ್ ತಂದಿತು. ಜಾವಾ ಕಂಪನಿಯ ‘ಪೆರಾಕ್’, 2022ರ ‘42 ಬಾಬರ್’, ಅದೇ ವರ್ಷ ಮರಳಿ ಬಂದ ಯೆಜ್ಡಿಯ ‘ಸ್ಕ್ರಾಂಬ್ಲರ್’ ಎಲ್ಲವೂ ಇದೇ ಸಾಲಿನವು. ಕಂಪನಿ ಅದನ್ನು ಪರೀಕ್ಷಾ ಸಂಸ್ಥೆಯ ಎದುರು ನಿಲ್ಲಿಸಿ ಒಪ್ಪಿಗೆ ಪಡೆದಿದೆ ಎಂಬುದೇ ವ್ಯತ್ಯಾಸ; ಅದು ದೊಡ್ಡ ವ್ಯತ್ಯಾಸವೂ ಹೌದು. ಹಾಗಾದರೆ ಒಂದೇ ಒಂದು ಬೈಕ್ ಮಾಡುವವನಿಗೆ ಅಂಥ ಪರೀಕ್ಷೆಯ ಬಾಗಿಲು ಯಾಕಿಲ್ಲ? ಜರ್ಮನಿಯಲ್ಲಿ ಮಾರ್ಪಡಿಸಿದ ವಾಹನವನ್ನು ಮಾನ್ಯತೆ ಪಡೆದ ತಜ್ಞ ಪರೀಕ್ಷಿಸಿ, ಒಪ್ಪಿದರೆ ಆ ಮಾರ್ಪಾಡನ್ನು ವಾಹನದ ದಾಖಲೆಯಲ್ಲಿ ಬರೆಸಿಕೊಳ್ಳುವ ಕ್ರಮವಿದೆ. ನಮ್ಮಲ್ಲಿ ಬಿಡಿ ಮಾಲೀಕನ ಪಾಲಿಗೆ ಅಂಥ ಸರಳ ದಾರಿ ಇಲ್ಲ. ಬಾಗಿಲು ಮುಚ್ಚಿದ್ದರಿಂದ ಕೆಲಸ ನಿಂತಿಲ್ಲ. ಹಿಂಬಾಗಿಲಿನಲ್ಲಿ, ರಸೀದಿ ಇಲ್ಲದೆ, ಯಾರ ಹೊಣೆಯೂ ಇಲ್ಲದೆ ನಡೆಯುತ್ತಿದೆ.

ಉಕ್ಕಿನ ಊರಿನ ಕೈಗಳು

ಈ ಪ್ರಶ್ನೆ ಭದ್ರಾವತಿಗೆ ಬಂದಾಗ ಬೇರೆಯೇ ತೂಕ ಪಡೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿದ್ದ ಊರು ಇದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಕಾಲಾಂತರದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತು, ಮಿಶ್ರಲೋಹ ಮತ್ತು ವಿಶೇಷ ಉಕ್ಕಿಗೆ ಹೆಸರಾಗಿ, ಕೊನೆಗೆ ಭಾರತೀಯ ಉಕ್ಕು ಪ್ರಾಧಿಕಾರದೊಳಗೆ ಲೀನವಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರ ಅದನ್ನು ಮುಚ್ಚಲು ನಿರ್ಧರಿಸಿದ್ದೂ, ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಆಗಸ್ಟ್‌ನಲ್ಲಿ ಭಾಗಶಃ ಕೆಲಸ ಮತ್ತೆ ಆರಂಭವಾದದ್ದೂ ಓದುಗರಿಗೆ ನೆನಪಿದೆ. ಅದಕ್ಕೂ ಮುನ್ನ, 2015ರಲ್ಲಿ, ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತಿದ್ದವು.

ಹೀಗೆ ಎರಡು ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್ ಆಗಿ ಬೆಳೆದವರ ಕೌಶಲ ಈ ಊರಿನಲ್ಲಿ ತಲೆಮಾರುಗಳಿಂದ ಸಂಗ್ರಹವಾಗಿದೆ. ಉಕ್ಕಿನ ಬಣ್ಣ ನೋಡಿ ಕಾವು ಹೇಳಬಲ್ಲವರು, ಕಿಡಿ ನೋಡಿ ಜಾತಿ ಹೇಳಬಲ್ಲವರು ಇಲ್ಲಿ ಅಪರೂಪವಲ್ಲ. ಲೇತಿನಲ್ಲಿ ಫೋರ್ಕಿನ ಹಿಡಿಕೆ ಕಡೆದುಕೊಡುವುದು, ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಕೊಯ್ದು ಸಂದಿಲ್ಲದಂತೆ ಕೂರಿಸುವುದು ಇವರಿಗೆ ಕಷ್ಟದ ಕೆಲಸವಲ್ಲ. ಇತ್ತ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಟಿಂಕರಿಂಗ್, ಬಣ್ಣ, ವೈರಿಂಗ್, ಸೀಟಿನ ಹೊಲಿಗೆ ಎಲ್ಲವೂ ಕೂಗಳತೆಯಲ್ಲಿ ಸಿಗುತ್ತವೆ. ಕಬ್ಬಿಣದ ಕೆಲಸ ಭದ್ರಾವತಿಯಲ್ಲಿ, ಅಲಂಕಾರ ಶಿವಮೊಗ್ಗದಲ್ಲಿ ಎಂಬ ಹಂಚಿಕೆಗೆ ಬಿ.ಎಚ್. ರಸ್ತೆಯ ಇಪ್ಪತ್ತು ಕಿಲೋಮೀಟರು ಅಡ್ಡಿಯಲ್ಲ.

ಆದರೆ 182ಎ ಕಲಮು ಮಾಲೀಕನನ್ನಷ್ಟೇ ನೋಡುವುದಿಲ್ಲ. ನಿಯಮಕ್ಕೆ ವಿರುದ್ಧವಾಗಿ ವಾಹನ ಮಾರುವ, ಮಾರ್ಪಡಿಸುವ ತಯಾರಕ ಮತ್ತು ಡೀಲರಿಗೆ ವಾಹನವೊಂದಕ್ಕೆ ಒಂದು ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸವನ್ನು ಅದು ಹೇಳುತ್ತದೆ. ಸಣ್ಣ ಗ್ಯಾರೇಜಿನವನು ಯಾವ ವರ್ಗಕ್ಕೆ ಸೇರುತ್ತಾನೆಂಬ ಜಿಜ್ಞಾಸೆ ಏನೇ ಇರಲಿ, ಅಪಘಾತವಾದಾಗ ಬೆಸೆದವನ ಹೆಸರು ಹೊರಬಾರದೆ ಇರುವುದಿಲ್ಲ. ಕೌಶಲ ಇದ್ದವನು ಈ ಭಯಕ್ಕೆ ಹಿಂಜರಿಯುತ್ತಾನೆ. ಕೌಶಲವೂ ಭಯವೂ ಇಲ್ಲದವನು ಕಡಿಮೆ ದರಕ್ಕೆ ಒಪ್ಪಿಕೊಳ್ಳುತ್ತಾನೆ. ನಿಷೇಧದ ವಿಚಿತ್ರ ಫಲವಿದು.

ಕಾನೂನು ತೆರೆದಿಟ್ಟಿರುವ ಒಂದು ಕಿಟಕಿಯತ್ತ ಈ ಗ್ಯಾರೇಜುಗಳು ಹೆಚ್ಚು ಗಮನ ಕೊಟ್ಟಿಲ್ಲವೆಂದು ತೋರುತ್ತದೆ. ಅಂಗವಿಕಲರ ಬಳಕೆಗಾಗಿ ವಾಹನವನ್ನು ಹೊಂದಿಸಿಕೊಳ್ಳಲು, ನೋಂದಣಿ ಅಧಿಕಾರಿಯ ಒಪ್ಪಿಗೆಗೆ ಒಳಪಟ್ಟು, 52ನೇ ಕಲಮಿನಲ್ಲೇ ಅವಕಾಶವಿದೆ. ಮಾನ್ಯತೆ ಪಡೆದ ಕಿಟ್ ಬಳಸಿ ವಿದ್ಯುತ್ ಅಥವಾ ಅನಿಲಕ್ಕೆ ಪರಿವರ್ತಿಸುವುದಕ್ಕೂ ಅವಕಾಶವಿದೆ. ಸ್ಕೂಟರಿಗೆ ಬದಿಯ ಚಕ್ರಗಳನ್ನು ಭದ್ರವಾಗಿ ಕೂರಿಸುವುದಕ್ಕೆ ಬೇಕಾದ ಲೆಕ್ಕ, ಬೆಸುಗೆ, ಬೇರಿಂಗ್ ಜ್ಞಾನ ಚಾಪರ್ ಮಾಡುವವನಿಗೆ ಬೇಕಾದದ್ದೇ. ಅದರಲ್ಲಿ ಮೆರುಗು ಕಡಿಮೆ, ನಿಜ. ಅದಕ್ಕೆ ರಸೀದಿ ಮಾತ್ರ ಧೈರ್ಯವಾಗಿ ಬರೆದುಕೊಡಬಹುದು.

ಮೈಸೂರಿನ ಬೈಕ್‌ಗಳ ಮಾತು

ಬುಲೆಟ್ಟಿನ ಮಾತಾಡುತ್ತಾ ನಮ್ಮದೇ ರಾಜ್ಯದ ಬೈಕನ್ನು ಮರೆಯಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ಬಾಗಿಲು ಹಾಕಿತು. ಮಲೆನಾಡಿನ ಅಡಿಕೆ ತೋಟಗಳಿಗೂ ಎಸ್ಟೇಟ್‌ಗಳಿಗೂ ದಾರಿ ಸವೆಸಿದ ಈ ಬೈಕ್‌ಗಳು ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಕತ್ತರಿಗೆ ಮೊದಲು ಬಲಿಯಾದವೂ ಇವೇ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮ ತಂದು, 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ನೀಡುವ ವ್ಯವಸ್ಥೆ ಮಾಡಿತು. ಹೊಸ ನೋಂದಣಿಗೆ 20,000 ರೂ., ಮರು ನೋಂದಣಿಗೆ 5,000 ರೂ. ಶುಲ್ಕ, ಅವಧಿ 10 ವರ್ಷ. ಅಂದರೆ 1975ರವರೆಗೆ ತಯಾರಾದ ಜಾವಾ, ಯೆಜ್ಡಿಗಳೆಲ್ಲ ವಯಸ್ಸಿನಿಂದ ಅರ್ಹ, ರೂಪ ಉಳಿಸಿಕೊಂಡಿದ್ದರೆ ಮಾತ್ರ. ಮಡ್‌ಗಾರ್ಡ್ ಕತ್ತರಿಸಿ ಚಾಸಿಯ ಹಿಂಬದಿ ಕೊಯ್ದ ಜಾವಾ ಆ ಅರ್ಹತೆಯನ್ನು ಕಳೆದುಕೊಂಡಿರುತ್ತದೆ. ಅಂಥದ್ದನ್ನು ಕೊಂಡವರು ಮತ್ತೊಂದು ಶೈಲಿಗೆ ತಿರುಗಿಸುವ ಮೊದಲು, ಮೂಲಕ್ಕೆ ಮರಳಿಸುವುದೂ ಒಂದು ಮಾರ್ಪಾಡೇ ಎಂದು ಯೋಚಿಸಬಹುದು. ಕಷ್ಟದ ಮಾರ್ಪಾಡು ಅದು. ಮೂಲದ ಭಾಗಗಳನ್ನು ಗುಜರಿ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಹುಡುಕಬೇಕು. ಆದರೆ ಪುನಃ ಕೊಯ್ದ ಜಾವಾಕ್ಕಿಂತ ಸರಿಪಡಿಸಿದ ಜಾವಾಕ್ಕೆ ಬೆಲೆ ಹೆಚ್ಚು.

ತೀರ ಹೊಸ ಬೈಕ್‌ಗಳ ವಿಚಾರದಲ್ಲಿ ತೊಡಕು ಇನ್ನೊಂದು ಬಗೆಯದು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಬಂತು. ಚಕ್ರ ಬದಲಿಸಿದರೆ ವೇಗ ಅಳೆಯುವ ಸಂವೇದಕದ ಲೆಕ್ಕ ತಪ್ಪಬಹುದು. ಸೈಲೆನ್ಸರ್ ಕತ್ತರಿಸಿದರೆ ಅದರಲ್ಲಿರುವ ಆಮ್ಲಜನಕ ಸಂವೇದಕದ ಮಾಹಿತಿ ಹದಗೆಟ್ಟು ಎಂಜಿನ್ನಿಗೆ ಹೋಗುವ ಇಂಧನದ ಪ್ರಮಾಣವೇ ಏರುಪೇರಾಗುತ್ತದೆ. ಇಂಥ ಬೈಕ್‌ಗಳ ಮಾರ್ಪಾಡು ಸುತ್ತಿಗೆ, ಸ್ಪ್ಯಾನರುಗಳ ಕೈಮೀರಿದ್ದು.

ಹಾಗಾದರೆ ಒಂದು ಹಳೆಯ ಮಾರ್ಪಟ್ಟ ಬುಲೆಟ್ ಈಗಾಗಲೇ ಅಂಗಳದಲ್ಲಿ ನಿಂತಿರುವವರು ಏನು ಮಾಡಬೇಕು? ಚಾಸಿ ಮೂಲದ್ದೇ ಆಗಿದ್ದರೆ ಬೋಲ್ಟಿನಿಂದ ಬಿಚ್ಚಿ ಹಾಕಬಹುದಾದ ಬದಲಾವಣೆಗಳಿಗೆ ತೃಪ್ತರಾಗುವುದು ಜಾಣತನ: ಅಗಲ ಹ್ಯಾಂಡಲ್, ಎತ್ತರದ ಮಡ್‌ಗಾರ್ಡ್, ಅದೇ ಅಳತೆಯ ಒರಟು ಟೈರ್, ಇಬ್ಬರು ಕೂರುವ ಚಪ್ಪಟೆ ಸೀಟು. ಕಾಯ್ದೆಯ ಅಕ್ಷರಕ್ಕೆ ಇದೂ ಪೂರ್ತಿ ಹೊಂದೀತೆಂದು ಹೇಳಲಾಗದಿದ್ದರೂ, ಚಕ್ರಗಳ ಅಂತರವೂ ಆಸನ ಸಂಖ್ಯೆಯೂ ಆರ್.ಸಿ.ಯೊಡನೆ ತಾಳೆಯಾಗುತ್ತವೆ, ಬೇಕೆಂದಾಗ ಮರಳಿಸಲೂ ಬರುತ್ತದೆ. ನೋಟಕ್ಕೆ ಕೆಫೆ ರೇಸರಿನಷ್ಟು ಮೊನಚು ಇಲ್ಲದಿರಬಹುದು. ಆದರೆ ತೀರ್ಥಹಳ್ಳಿ ಕಡೆಯ ಮಳೆಯಲ್ಲಿ, ಬಿ.ಎಚ್. ರಸ್ತೆಯ ಉಬ್ಬುಗಳ ಮೇಲೆ, ತಗ್ಗಿದ ಹ್ಯಾಂಡಲ್ ಹಿಡಿದು ಮುಂಗೈ ನೋಯಿಸಿಕೊಳ್ಳುವುದಕ್ಕಿಂತ ಸ್ಕ್ರಾಂಬ್ಲರಿನ ನೆಟ್ಟಗಿನ ಕೂರುವಿಕೆ ಈ ಸೀಮೆಗೆ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕಳಚಿದ ಮೂಲದ ಭಾಗಗಳನ್ನು ಗುಜರಿಗೆ ಹಾಕದೆ ಗೋಣಿಯಲ್ಲಿ ಕಟ್ಟಿಡಬೇಕು.

15 ವರ್ಷ ತುಂಬಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂ.ನಿಂದ 1,000 ರೂ.ಗೆ ಏರಿತು, 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 20 ವರ್ಷ ದಾಟಿದವಕ್ಕೆ 2,000 ರೂ. ಆಯಿತು. ಶುಲ್ಕ ಕಟ್ಟುವುದು ಸುಲಭದ ಭಾಗ. ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವಾಗ ಆ ನಂಬರು ಪುಟ್ಟಿಯ ಕೆಳಗೆ ಹೂತಿರಬಾರದು. ಕೊಳ್ಳುವ ದಿನವೇ ಮಾರುವವನ ಎದುರು ಆ ಅಚ್ಚನ್ನು ತೆಗೆದು ಆರ್.ಸಿ.ಯ ಅಂಕಿಗಳೊಡನೆ ಹೋಲಿಸಿ ನೋಡಲು ಬೇಕಾಗುವುದು ಒಂದು ಚೂರು ಕಾಗದ, ಒಂದು ಪೆನ್ಸಿಲ್ ಮತ್ತು ಐದು ನಿಮಿಷ.